ಮಣೆ ಒಂದು, ಕಟ್ಟಳೆ ಹಲವು

ಬಾಲ್ಯದ ಆಟಗಳ ನೆನಪನ್ನು ಹಳಹಳಿಕೆಯೆಂದು ಬದಿಗಿಡುವ ರೂಢಿ ವಿದ್ವತ್ತಿನ ಲೋಕದಲ್ಲಿ ಬಹುಕಾಲದಿಂದ ಇದೆ. ಆದರೆ ಕನ್ನಡ ನಾಡಿನ ಮನೆಯಾಟ, ಬೀದಿಯಾಟಗಳ ಮಟ್ಟಿಗೆ ಆ ನೆನಪುಗಳೇ ಮುಖ್ಯ ಆಕರ, ಏಕೆಂದರೆ ಯಾರು ಮೊದಲು ಆಡಬೇಕು, ಸರದಿ ಯಾವಾಗ ಕೈತಪ್ಪುತ್ತದೆ, ಯಾವ ಮನೆಯಲ್ಲಿ ಕೂತ ಕಾಯನ್ನು ಹೊಡೆಯಕೂಡದು ಎಂಬಂಥ ಕಟ್ಟಳೆಗಳನ್ನು ಯಾವ ಮಂಡಳಿಯೂ ಅಚ್ಚು ಹಾಕಿಸಿ ಹಂಚಿದ್ದಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ಬೀದಿಯ ದೊಡ್ಡ ಹುಡುಗರಿಂದ ಚಿಕ್ಕವರಿಗೆ, ಆಡುತ್ತ ಆಡುತ್ತಲೇ ಅವು ದಾಟಿ ಬಂದವು. ಹೀಗಾಗಿ ಒಂದೇ ಹೆಸರಿನ ಆಟ ಒಂದು ಊರಿನಲ್ಲಿ ಒಂದು ಬಗೆ, ಹತ್ತಿರದ ಇನ್ನೊಂದು ಊರಿನಲ್ಲಿ ಮತ್ತೊಂದು ಬಗೆ. ಎರಡೂ ಊರಿನವರು ಒಂದೆಡೆ ಸೇರಿ ಬಾಲ್ಯವನ್ನು ನೆನೆದಾಗ ಆಟದ ಹೆಸರಿನಲ್ಲಿ ಒಮ್ಮತವಿದ್ದರೂ ಕಟ್ಟಳೆಯಲ್ಲಿ ವಾದ ಹುಟ್ಟುತ್ತದೆ, ಆ ವಾದದಲ್ಲಿ ಇಬ್ಬರೂ ಸರಿಯಾಗಿಯೇ ಇರುತ್ತಾರೆ.

ಆಟಗಳ ಲಿಖಿತ ಚರಿತ್ರೆ ಈ ನಾಡಿನಲ್ಲಿ ಇಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಕೊನೆಯ ಭಾಗಕ್ಕೆ ಕ್ರೀಡಾವಿಂಶತಿ, ಅಂದರೆ ಇಪ್ಪತ್ತು ಕ್ರೀಡೆಗಳ ಗುಚ್ಛ, ಎಂದೇ ಹೆಸರು. ಚದುರಂಗ, ಪಗಡೆ, ಕವಡೆಯಾಟಗಳು ಅದರಲ್ಲಿವೆ, ಉಯ್ಯಾಲೆಯೂ ಇದೆ. 19ನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಸಾಧಾರಣ ಆಸಕ್ತಿ ತಳೆದು ತಾವೇ ಹೊಸ ಆಟಗಳನ್ನು ರೂಪಿಸಿದರು, 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗವನ್ನು ಆಟಗಳಿಗೆಂದೇ ಮೀಸಲಿಟ್ಟರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅಂಥ ಆಟಗಳ ಚಿತ್ರಗಳನ್ನು ಇಂದಿಗೂ ನೋಡಬಹುದು. ಇವೆಲ್ಲ ಅರಮನೆಯ ದಾಖಲೆಗಳು. ಜನಸಾಮಾನ್ಯರ ದಾಖಲೆ ಸಿಗುವುದು ಕಲ್ಲಿನ ಮೇಲೆ: ಹಂಪಿಯ ಮಂಟಪಗಳ ನೆಲಹಾಸಿನಲ್ಲಿ, ಬಂಡೆಗಳ ಮೇಲೆ ಕೊರೆದ ಹುಲಿ-ಕುರಿ ಆಟದ ಗೆರೆಗಳು, ಸಾಲುಸಾಲು ಗುಳಿಗಳು ಇಂದಿಗೂ ಕಾಣುತ್ತವೆ. ಆದರೆ ಕಲ್ಲು ಗೆರೆಯನ್ನು ಮಾತ್ರ ಕಾಪಾಡಿದೆ. ಆ ಗೆರೆಗಳ ಮೇಲೆ ಎಷ್ಟು ಹುಲಿಗಳನ್ನು ಇಡುತ್ತಿದ್ದರು, ಸಿಕ್ಕಿಬಿದ್ದ ಹುಲಿಗೆ ಬಿಡುಗಡೆ ಇತ್ತೇ ಇರಲಿಲ್ಲವೇ, ಎಂಬುದನ್ನು ಅದು ಹೇಳಲಾರದು. ಇಂದು ಹೆಚ್ಚು ಬಳಕೆಯಲ್ಲಿರುವ ತ್ರಿಕೋನದ ಮಾದರಿಯಲ್ಲಿ 23 ಬಿಂದುಗಳು, 3 ಹುಲಿಗಳು, 15 ಕುರಿಗಳು. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಒಟ್ಟಾಗಿ ಹುಲಿಯ ದಾರಿ ಕಟ್ಟುತ್ತವೆ. ಗೆರೆಯ ವಿನ್ಯಾಸ ಬದಲಾದ ಕಡೆ ಈ ಲೆಕ್ಕವೂ ಬದಲಾಗುತ್ತದೆ.

ಕಟ್ಟಳೆಯ ಸಣ್ಣ ವ್ಯತ್ಯಾಸ ಆಟವನ್ನು ಎಷ್ಟು ದೂರ ಒಯ್ಯುತ್ತದೆ ಎಂಬುದನ್ನು ಅರಿಯಲು ಅಳಗುಳಿಮಣೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಳೆ ಮೈಸೂರು ಸೀಮೆಯಲ್ಲಿ ಅಳಗುಳಿಮಣೆ ಎಂದೂ ತುಳುನಾಡಿನಲ್ಲಿ ಚೆನ್ನೆಮಣೆ ಎಂದೂ ಕರೆಯುವ ಈ ಆಟದ ಸಲಕರಣೆ ಒಂದು ಉದ್ದನೆಯ ಮರದ ಮಣೆ. ಅದರಲ್ಲಿ ಏಳೇಳು ಗುಳಿಗಳ ಎರಡು ಸಾಲು, ಎದುರುಬದುರು ಕೂತ ಇಬ್ಬರಿಗೆ ಒಂದೊಂದು ಸಾಲು. ಕಾಳಿನ ಜಾಗಕ್ಕೆ ಹುಣಸೆ ಬೀಜ, ಕವಡೆ, ಕರಾವಳಿಯಲ್ಲಿ ಮಂಜೊಟ್ಟಿ ಎಂಬ ಮರದ ಕೆಂಪು ಬೀಜ. ಗುಳಿಗೆ ನಾಲ್ಕರಂತೆ ತುಂಬಿದರೆ ಒಟ್ಟು 56 ಕಾಳು. ಆಡುವವರು ತಮ್ಮ ಸಾಲಿನ ಒಂದು ಗುಳಿಯನ್ನು ಪೂರ್ತಿ ಬಳಿದುಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಕಾಳು ಬಿಡುತ್ತ ಬಲಕ್ಕೆ ಸಾಗಬೇಕು, ಸಾಲಿನ ತುದಿ ಮುಟ್ಟಿದಾಗ ಎದುರಾಳಿಯ ಸಾಲಿಗೆ ತಿರುಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯಲ್ಲಿ ಕಾಳಿದ್ದರೆ ಅದನ್ನು ಬಳಿದು ಮತ್ತೆ ಬಿಡುತ್ತ ಹೋಗಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಓಟ ನಿಲ್ಲುತ್ತದೆ, ಆ ಬರಿಗುಳಿಯ ಆಚೆ ಇರುವ ಗುಳಿಯ ಕಾಳುಗಳು ಆಡಿದವರ ಪಾಲಾಗುತ್ತವೆ, ಅಲ್ಲಿಗೆ ಸರದಿ ಎದುರಿನವರದು. ಹಲವು ಮನೆಗಳಲ್ಲಿ ರೂಢಿಯಲ್ಲಿರುವ ಕಟ್ಟಳೆ ಇದು.

ಈ ಕಟ್ಟಳೆಯಂತೆ ಮೊದಲ ನಡೆಯನ್ನು ಒಮ್ಮೆ ಎಣಿಸಿ ನೋಡಬಹುದು. ಆಡುವವರ ಎಡತುದಿಯ ಗುಳಿ ಒಂದನೆಯದು, ಬಲತುದಿಯದು ಏಳನೆಯದು, ಅದಕ್ಕೆ ಎದುರಾಗಿ ಇರುವುದು ಎಂಟನೆಯದು, ಹೀಗೆ ಸುತ್ತಿ ಬಂದರೆ ಹದಿನಾಲ್ಕು. ಒಂದನೆಯ ಗುಳಿಯ 4 ಕಾಳು ಎರಡರಿಂದ ಐದರವರೆಗೆ ಬೀಳುತ್ತವೆ. ಮುಂದಿರುವ ಆರನೆಯದರ 4 ಕಾಳು ಏಳರಿಂದ ಹತ್ತರವರೆಗೆ. ಹನ್ನೊಂದನೆಯದರ 4 ಕಾಳು ಎದುರಿನ ಸಾಲನ್ನು ಮುಗಿಸಿ, ಆಗಲೇ ಬರಿದಾಗಿದ್ದ ಒಂದನೆಯ ಗುಳಿಯವರೆಗೆ. ಎರಡನೆಯದರಲ್ಲಿ ಈಗ 5 ಇವೆ, ಅವು ಮೂರರಿಂದ ಏಳರವರೆಗೆ. ಎಂಟನೆಯದರ 5 ಕಾಳು ಒಂಬತ್ತರಿಂದ ಹದಿಮೂರರವರೆಗೆ. ಹದಿನಾಲ್ಕನೆಯದರ 5 ಕಾಳು ಮತ್ತೆ ಒಂದರಿಂದ ಐದರವರೆಗೆ. ಆರನೆಯದರಲ್ಲಿ ಬಂದು ಕೂತಿದ್ದ ಒಂಟಿ ಕಾಳು ಏಳಕ್ಕೆ. ಎಂಟನೆಯ ಗುಳಿ ಬರಿದಾಗಿದೆ, ಆದ್ದರಿಂದ ಓಟ ಅಲ್ಲಿಗೆ ನಿಂತು ಒಂಬತ್ತನೆಯದರಲ್ಲಿರುವ 6 ಕಾಳು ಕೈಸೇರುತ್ತವೆ. ಒಂದೇ ಸರದಿಯಲ್ಲಿ ಕೈ ಏಳು ಸಲ ಗುಳಿ ಬಳಿದು 28 ಕಾಳು ಬಿಟ್ಟಿರುತ್ತದೆ. ಎಲ್ಲ ಗುಳಿಗಳಲ್ಲೂ ಸಮನಾದ ಕಾಳುಗಳಿರುವುದರಿಂದ ಮೊದಲ ನಡೆಯನ್ನು ಏಳರಲ್ಲಿ ಯಾವ ಗುಳಿಯಿಂದ ತೊಡಗಿದರೂ ಸಿಗುವುದು ಆ 6 ಕಾಳೇ.

ಇನ್ನು ಕೆಲವು ಮನೆಗಳಲ್ಲಿ ಒಂದು ಪುಟ್ಟ ಸೇರ್ಪಡೆ ಇರುತ್ತದೆ: ಗೆದ್ದ ಗುಳಿಯ ಜೊತೆಗೆ ಅದಕ್ಕೆ ನೇರ ಎದುರಿರುವ ಗುಳಿಯ ಕಾಳೂ ಗೆದ್ದವರಿಗೆ ಸಲ್ಲಬೇಕು. ಈ ಒಂದು ಮಾತು ಸೇರಿದ ಕೂಡಲೇ ಮೊದಲ ನಡೆಯ ಏಳು ದಾರಿಗಳ ಫಲ ಒಂದೇ ಆಗಿ ಉಳಿಯುವುದಿಲ್ಲ. ಒಂದು, ನಾಲ್ಕು, ಏಳನೆಯ ಗುಳಿಗಳಿಂದ ಹೊರಟರೆ ಎದುರಿನ ಗುಳಿ ಬರಿದೇ ಇರುತ್ತದೆ, ಸಿಗುವುದು 6 ಮಾತ್ರ. ಮೂರರಿಂದ ಹೊರಟರೆ 7. ಐದರಿಂದಲೋ ಆರರಿಂದಲೋ ಹೊರಟರೆ 12. ಎಡದಿಂದ ಎರಡನೆಯ ಗುಳಿಯನ್ನು ಬಳಿದವರಿಗೆ 13. ಮೊದಲ ಕಟ್ಟಳೆಯ ಮನೆಯಲ್ಲಿ ಬೆಳೆದ ಮಗುವಿಗೆ ಯಾವ ಗುಳಿಯಿಂದ ಆಟ ತೊಡಗಬೇಕೆಂಬ ಪ್ರಶ್ನೆಯೇ ಗಹನವಲ್ಲ, ಎರಡನೆಯ ಕಟ್ಟಳೆಯ ಮನೆಯ ಮಗು ಅದೇ ಪ್ರಶ್ನೆಯನ್ನು ಸೋತು ಸೋತು ಬಿಡಿಸಿಕೊಂಡಿರುತ್ತದೆ. ಮಣೆಯೂ ಒಂದೇ, ಕಾಳೂ ಒಂದೇ; ಆದರೆ ಇಬ್ಬರ ನೆನಪಿನಲ್ಲಿರುವುದು ಎರಡು ಬೇರೆ ಆಟಗಳು. ಆಟದ ಸುತ್ತು ಮುಗಿದ ಮೇಲೆ ಗೆದ್ದ ಕಾಳುಗಳಿಂದ ಗುಳಿ ತುಂಬಿಕೊಳ್ಳಬೇಕು, ಕಡಿಮೆ ಬಿದ್ದವರ ಗುಳಿಗಳು ಮುಂದಿನ ಸುತ್ತಿಗೆ ಮುಚ್ಚಿಹೋಗುತ್ತವೆ ಎಂಬ ಪದ್ಧತಿಯೂ ಉಂಟು. ಆಗ ಆಟ ಒಂದು ಮಧ್ಯಾಹ್ನದಲ್ಲಿ ಮುಗಿಯದೆ ಮರುದಿನಕ್ಕೂ ಸಾಗುತ್ತಿತ್ತು.

ತುಳುನಾಡಿನಲ್ಲಿ ಈ ಆಟಕ್ಕೆ ಕಾಲದ ಕಟ್ಟಳೆಯೂ ಇದೆ. ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸುವುದು ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಬಿಡದೆ ಸುರಿದು ಹೊರಗಿನ ಕೆಲಸ ನಿಲ್ಲುವ ದಿನಗಳಲ್ಲಿ. ಆಟಿ ಕಳೆದ ಮೇಲೆ ಆಡಬಾರದೆಂಬ ನಂಬಿಕೆ ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿದೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆಯಾಡಬಾರದೆಂಬ ಮಾತಿನ ಹಿಂದೆ ಸಿರಿ ಪಾಡ್ದನದ ಕಥೆ ನಿಂತಿದೆ. ಪಾಡ್ದನವೆಂದರೆ ತುಳುವಿನ ಹಾಡುಗಥನ. ಸಿರಿಯ ಮಗಳು ಸೊನ್ನೆಗೆ ಅವಳಿ ಹೆಣ್ಣುಮಕ್ಕಳು, ಅಬ್ಬಗ ಮತ್ತು ದಾರಗ. ಚೆನ್ನೆಯಾಟದಲ್ಲಿ ಅವರಿಬ್ಬರಿಗೆ ಮಾತಿಗೆ ಮಾತು ಬೆಳೆದು ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರಿ ಪ್ರಾಣ ಬಿಡುತ್ತಾಳೆ. ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಈ ಮಹಾಕಥನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರೊಡನೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ತುಳುವರ ಪುರಾಣ ಮತ್ತು ಆರಾಧನೆಯಲ್ಲಿ ಚೆನ್ನೆಯ ಸ್ಥಾನವೇನೆಂಬ ಬಗ್ಗೆ ವಿಸ್ತಾರವಾಗಿ ಬರೆದಿದ್ದರು. ಮಕ್ಕಳ ಆಟವೆಂದು ಹಗುರವಾಗಿ ಕಾಣುವ ಒಂದು ಮಣೆಯ ಸುತ್ತ ಒಂದು ಸಮಾಜ ಇಷ್ಟು ಭಯಭಕ್ತಿಯನ್ನು ಕಟ್ಟಿಕೊಂಡಿರುವುದು ಗಮನಿಸಬೇಕಾದ ಸಂಗತಿ. ಸೋದರಿಯರ ನಡುವಿನ ಪೈಪೋಟಿ ಎಲ್ಲಿಗೆ ಮುಟ್ಟಬಹುದು ಎಂಬ ಅರಿವನ್ನು ಆ ಸಮಾಜ ಉಪದೇಶವಾಗಿ ಹೇಳದೆ ಆಟದ ನಿಷೇಧವಾಗಿ ಉಳಿಸಿಕೊಂಡಿತು.

ಬಯಲುಸೀಮೆಯವರ ನೆನಪಿನಲ್ಲಿ ಇದೇ ಎತ್ತರದ ಸ್ಥಾನ ಚೌಕಾಬಾರಕ್ಕೆ ಸಲ್ಲುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಐದು ಅಡ್ಡ, ಐದು ಉದ್ದ ಮನೆಗಳ ಚೌಕ ಬರೆದು, ನಾಲ್ಕೂ ಬದಿಗಳ ನಡುಮನೆಗೂ ಕೇಂದ್ರದ ಮನೆಗೂ ಅಡ್ಡಗೆರೆ ಎಳೆದರೆ ಹಾಸು ಸಿದ್ಧ. ಅಡ್ಡಗೆರೆಯ ಮನೆಗೆ ಕಟ್ಟೆ ಎಂದು ಹೆಸರು, ಕಟ್ಟೆಯಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ಬಳೆಚೂರು, ಹುಣಸೆ ಬೀಜ, ಕಡ್ಡಿತುಂಡು ಕಾಯಿಗಳಾಗುತ್ತವೆ. ಕಾಯಿ ಹೊರಸುತ್ತಿನ 16 ಮನೆಗಳನ್ನು ಒಂದು ದಿಕ್ಕಿನಲ್ಲಿ, ಒಳಸುತ್ತಿನ 8 ಮನೆಗಳನ್ನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ದಾಟಿ ಕೇಂದ್ರ ಸೇರಿದರೆ ಹಣ್ಣಾಯಿತೆನ್ನುತ್ತಾರೆ. ನಾಲ್ಕು ಕವಡೆ ಎಸೆದಾಗ ಬಾಯಿ ಮೇಲಾಗಿ ಬಿದ್ದಷ್ಟು ಲೆಕ್ಕ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು, ಎರಡರಲ್ಲಿ ಯಾವುದು ಬಿದ್ದರೂ ಮತ್ತೊಮ್ಮೆ ಎಸೆಯುವ ಹಕ್ಕು. ಕವಡೆಯಿಲ್ಲದ ಮನೆಯಲ್ಲಿ ಹುಣಸೆ ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡು ಆಡುತ್ತಿದ್ದರು. ಎರಡೂ ಮೈ ಬೀಳುವ ಸಾಧ್ಯತೆ ಸಮವೆಂದು ಹಿಡಿದರೆ ಚೌಕಕ್ಕೂ ಬಾರಕ್ಕೂ 16ರಲ್ಲಿ ತಲಾ ಒಂದೇ ಅವಕಾಶ, ಎರಡು ಬೀಳುವುದಕ್ಕೆ ಆರು. ಆದರೆ ಕವಡೆಯ ಬೆನ್ನು ಉಬ್ಬಿರುವುದರಿಂದಲೂ ಉಜ್ಜಿದ ಬೀಜದ ಸವೆತ ಒಂದೇ ಹದದಲ್ಲಿ ಇರದಿರುವುದರಿಂದಲೂ ಈ ಸಮತೆ ಲೆಕ್ಕದಲ್ಲಿ ಮಾತ್ರ ಇರುತ್ತದೆ. ತಮ್ಮ ಮನೆಯ ಕವಡೆಗೆ ಏನು ಹೆಚ್ಚು ಬೀಳುತ್ತದೆಂದು ಆಯಾ ಮನೆಯ ಮಕ್ಕಳಿಗೆ ಗೊತ್ತಿರುತ್ತಿತ್ತು, ಬೇರೆ ಮನೆಗೆ ಆಡಲು ಹೋದಾಗ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತಿರಲಿಲ್ಲ.

ಇಲ್ಲಿಯೂ ಮನೆಮನೆಯ ಕಟ್ಟಳೆಗಳೇ ಆಟದ ಸ್ವಭಾವವನ್ನು ನಿರ್ಧರಿಸುತ್ತವೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ ಎಂಬ ಕಟ್ಟಳೆಯಿದ್ದಲ್ಲಿ, ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಹಣ್ಣಾಗುವ ದಾರಿ ಮುಚ್ಚಿಹೋಗುತ್ತದೆ; ಆ ಕಟ್ಟಳೆ ಇಲ್ಲದ ಮನೆಯಲ್ಲಿ ಅದೇ ಆಟ ತಾಳ್ಮೆಯವರ ಆಟವಾಗುತ್ತದೆ. ಶಿವರಾತ್ರಿಯ ಜಾಗರಣೆಗೆ ಚೌಕಾಬಾರ, ಪಗಡೆ ಹೂಡುತ್ತಿದ್ದವರಿಗೆ ಆಟ ಬೇಗ ಮುಗಿಯುವುದು ಬೇಕಿರಲಿಲ್ಲ, ಹೊಡೆಸಿಕೊಂಡ ಕಾಯಿ ಮತ್ತೆ ಮೊದಲ ಮನೆಯಿಂದ ಹೊರಡಬೇಕಾದ ಕಟ್ಟಳೆ ಇಡೀ ರಾತ್ರಿಯನ್ನು ತುಂಬುತ್ತಿತ್ತು.

ಬೀದಿಯಾಟಗಳ ಹೆಸರು ಹೇಳುತ್ತ ಹೋದರೆ ಪಟ್ಟಿ ಉದ್ದವಾಗುತ್ತದೆ: ಒಂದರ ಮೇಲೊಂದು ಏಳು ಚಪ್ಪಟೆ ಕಲ್ಲು ಪೇರಿಸಿ ಚೆಂಡಿನಿಂದ ಉರುಳಿಸುವ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಗೋಲಿ, ಅಚ್ಚಿನಕಲ್ಲು, ಕಣ್ಣಾಮುಚ್ಚಾಲೆ. ಇವುಗಳಲ್ಲಿ ಹಲವಕ್ಕೆ ಅವುಗಳದೇ ಋತುವಿತ್ತು. ಆಷಾಢದ ಗಾಳಿ ಗಾಳಿಪಟಕ್ಕೆ, ಉತ್ತರ ಕರ್ನಾಟಕದಲ್ಲಿ ಶ್ರಾವಣದ ನಾಗರಪಂಚಮಿ ಜೋಕಾಲಿಗೆ ಮತ್ತು ನಿಂಬೆಹಣ್ಣು ಎಸೆಯುವ ಪಂದ್ಯಕ್ಕೆ. ಗೋಲಿ ಕೊಳ್ಳಲು ಕಾಸಿಲ್ಲದವರಿಗೆ ಬೇಲಿಯ ಗಜ್ಜುಗದ ಕಾಯೇ ಗೋಲಿ. ಬುಗುರಿಯಾಟದಲ್ಲಿ ಸೋತವನ ಬುಗುರಿಯನ್ನು ನೆಲದಲ್ಲಿಟ್ಟು, ಗೆದ್ದವನು ತನ್ನ ಬುಗುರಿಯ ಮೊಳೆಯಿಂದ ಅದಕ್ಕೆ ಗುನ್ನ ಕೊಡುತ್ತಿದ್ದ, ಅಂದರೆ ಮರ ಕಿತ್ತುಬರುವಂತೆ ತೂತು ಮಾಡುತ್ತಿದ್ದ. ಬುಗುರಿಯ ಮೈಮೇಲಿನ ಗುನ್ನಗಳನ್ನು ನೋಡಿಯೇ ಅದರ ಒಡೆಯನ ಆಟದ ಚರಿತ್ರೆಯನ್ನು ಹೇಳಬಹುದಿತ್ತು.

ಈ ಬೀದಿಯಾಟಗಳ ಕಟ್ಟಳೆಗಳಲ್ಲಿ ಅತ್ಯಂತ ಮಾನವೀಯವಾದದ್ದು, ಗೆಲುವಿಗೂ ಸೋಲಿಗೂ ಸಂಬಂಧವಿಲ್ಲದ ಒಂದು ಕಟ್ಟಳೆ. ಅಕ್ಕನ ಸೊಂಟದಿಂದ ಈಗಷ್ಟೇ ಇಳಿದ ಮಗುವೂ ಆಡುತ್ತೇನೆಂದು ಹಟ ಹಿಡಿದಾಗ ದೊಡ್ಡ ಮಕ್ಕಳು ಅದನ್ನು ಓಡಿಸದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದರು. ಆ ಮಗು ಎಲ್ಲರ ಜೊತೆ ಓಡಬಹುದು, ಅವಿತುಕೊಳ್ಳಬಹುದು, ಸಿಕ್ಕಿಬಿದ್ದರೂ ಕಳ್ಳನಾಗಬೇಕಿಲ್ಲ. ಇಂದು ಆ ಮಾತು ಕಚೇರಿಯಲ್ಲಿ, ರಾಜಕಾರಣದಲ್ಲಿ ಮೂಲೆಗುಂಪಾದವರನ್ನು ಹೀಗಳೆಯಲು ಬಳಕೆಯಾಗುತ್ತಿದೆ. ಬೀದಿಯ ಮಕ್ಕಳ ಕಟ್ಟಳೆಯಾಗಿ ಅದು ಚಿಕ್ಕವರಿಗೆ ಕೊಟ್ಟ ರಕ್ಷಣೆಯಾಗಿತ್ತು, ಎರಡು ಮೂರು ವರ್ಷ ಹಾಗೆ ಲೆಕ್ಕವಿಲ್ಲದೆ ಆಡಿದ ಮಗು ಯಾರೂ ಕೂರಿಸಿ ಹೇಳಿಕೊಡದೆಯೇ ಎಲ್ಲ ಕಟ್ಟಳೆಗಳನ್ನೂ ಕಲಿತಿರುತ್ತಿತ್ತು. ಓಡುವಾಗ ಮುಳ್ಳು ಚುಚ್ಚಿದರೆ, ಚಡ್ಡಿಯ ದಾರ ಬಿಚ್ಚಿದರೆ ಜೂಟ್ ಎಂದು ಕೂಗಿ ಆಟದಿಂದ ಅರೆಗಳಿಗೆ ಹೊರಗುಳಿಯುವ ಸೌಲಭ್ಯವೂ ಇತ್ತು, ಅದನ್ನು ಪದೇಪದೇ ದುರುಪಯೋಗ ಮಾಡಿದವನಿಗೆ ಜೂಟ್ ಇಲ್ಲವೆಂದು ತೀರ್ಮಾನಿಸುವ ಅಧಿಕಾರ ಗುಂಪಿಗಿತ್ತು. ತೀರ್ಪುಗಾರನಿಲ್ಲದ ಆಟದಲ್ಲಿ ಪ್ರತಿಯೊಂದು ತಕರಾರನ್ನೂ ಆಡುವವರೇ ಬಗೆಹರಿಸಿಕೊಳ್ಳಬೇಕು, ಬಗೆಹರಿಯದಿದ್ದರೆ ಸಂಜೆಯ ಆಟವೇ ಇಲ್ಲ. ಮಕ್ಕಳು ಅಷ್ಟು ಬೇಗ ರಾಜಿಯಾಗುತ್ತಿದ್ದುದಕ್ಕೆ ಕಾರಣ ಇದೇ ಇರಬೇಕು.

ಈ ಆಟಗಳು ಹಿಂದೆ ಸರಿದ ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಜಗಲಿ, ಹಿತ್ತಿಲು, ಖಾಲಿ ನಿವೇಶನಗಳು ಕರಗಿದವು, ಬೀದಿಗೆ ವಾಹನಗಳು ಬಂದವು, ಒಂದೇ ಮನೆಯಲ್ಲಿ ಆಡಲು ನಾಲ್ವರು ಮಕ್ಕಳು ಸಿಗುವುದು ಅಪರೂಪವಾಯಿತು, ಉಳಿದ ಬಿಡುವನ್ನು ಮೊದಲು ಕ್ರಿಕೆಟ್ಟೂ ದೂರದರ್ಶನವೂ, ಆಮೇಲೆ ಮೊಬೈಲೂ ತೆಗೆದುಕೊಂಡವು. ಇನ್ನೊಂದು ಬಗೆಯ ಬದಲಾವಣೆ ಕಬಡ್ಡಿ, ಖೋಖೋಗಳಿಗೆ ಆಯಿತು: 20ನೆಯ ಶತಮಾನದಲ್ಲಿ ಅವುಗಳಿಗೆ ಅಂಕಣದ ಅಳತೆ, ಆಟಗಾರರ ಸಂಖ್ಯೆ, ಲಿಖಿತ ನಿಯಮ ಬಂದು, 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಪದಕದ ಕ್ರೀಡೆಯಾಯಿತು. ಆ ಆಟಗಳು ಉಳಿದದ್ದು ಒಳ್ಳೆಯದೇ, ಆದರೆ ಉಳಿದದ್ದು ಒಂದು ರೂಪ ಮಾತ್ರ. ಊರೂರಿನ ಉಳಿದ ರೂಪಗಳು ನೆನಪಿನಿಂದಲೂ ಮರೆಯಾದವು.

ಮಣೆಯಾಟಗಳಿಗೆ ಈಗ ಅದೇ ಸಂದರ್ಭ ಬಂದಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಅಳಗುಳಿಮಣೆ, ಚೌಕಾಬಾರ, ಪಗಡೆ, ಹುಲಿ-ಕುರಿಗಳನ್ನು ಕುಶಲಕರ್ಮಿಗಳಿಂದ ಮರದಲ್ಲೂ ಬಟ್ಟೆಯಲ್ಲೂ ಮಾಡಿಸಿ ಮತ್ತೆ ಜನರ ಕಣ್ಣಿಗೆ ತಂದಿದೆ. ಕರಕುಶಲ ಮಳಿಗೆಗಳಲ್ಲಿ, ಅಂತರ್ಜಾಲದಲ್ಲಿ ಮಣೆಗಳು ಮಾರಾಟವಾಗುತ್ತಿವೆ, ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮಕ್ಕಳಿಗೆಂದು ಅವನ್ನು ಒಯ್ಯುತ್ತಿವೆ. ಇದು ಮನಸಾರೆ ಸ್ವಾಗತಿಸಬೇಕಾದ ಕೆಲಸ. ಆದರೆ ಮಾರಾಟದ ಮಣೆಯ ಜೊತೆಗೆ ಬರುವ ಹಾಳೆಯಲ್ಲಿ ಒಂದು ಬಗೆಯ ಆಟವನ್ನಷ್ಟೇ ಅಚ್ಚು ಹಾಕಲು ಸಾಧ್ಯ, ಮುಂದಿನ ತಲೆಮಾರಿಗೆ ಆ ಹಾಳೆಯೇ ಪ್ರಮಾಣವಾಗುತ್ತದೆ. ಎದುರಿನ ಗುಳಿಯೂ ಸಲ್ಲಬೇಕೆಂದು ಆಡುತ್ತಿದ್ದ ಅಜ್ಜಿ ಆ ಹಾಳೆಯ ಮುಂದೆ ತಪ್ಪಾಗಿ ಆಡಿದವಳಾಗುತ್ತಾಳೆ. ಹಾಳೆಯ ಕೆಳಗೆ ನಿಮ್ಮ ಮನೆಯ ಕಟ್ಟಳೆ ಬರೆದುಕೊಳ್ಳಿ ಎಂದು ನಾಲ್ಕು ಖಾಲಿ ಸಾಲು ಬಿಟ್ಟರೂ ಸಾಕು, ಆ ಅಪಾಯ ಬಹುಪಾಲು ತಪ್ಪುತ್ತದೆ.

ಹಿರಿಯರ ನೆನಪಿನಿಂದ ಕಟ್ಟಳೆಗಳನ್ನು ಬರೆದುಕೊಳ್ಳುವ ಕೆಲಸಕ್ಕೆ ವಿಶ್ವವಿದ್ಯಾಲಯವೇ ಬೇಕೆಂದಿಲ್ಲ, ಶಾಲೆಯ ಮಕ್ಕಳೂ ಮಾಡಬಲ್ಲರು. ಆದರೆ ಅದಕ್ಕೊಂದು ಕ್ರಮವಿದೆ. ಹೇಗೆ ಆಡುತ್ತಿದ್ದಿರಿ ಎಂದು ಬರಿಯ ಮಾತಿನಲ್ಲಿ ಕೇಳಿದರೆ ಬರುವ ಉತ್ತರ ಚಿಕ್ಕದು, ಕಟ್ಟಳೆಯ ಒಳಸುಳಿಗಳು ಅದರಲ್ಲಿ ಇರುವುದಿಲ್ಲ, ಏಕೆಂದರೆ ಅವು ಹಿರಿಯರ ನಾಲಿಗೆಯಲ್ಲಿ ಇಲ್ಲ, ಕೈಯಲ್ಲಿ ಇವೆ. ಮಣೆಯನ್ನು ಮುಂದಿಟ್ಟು, ಕಾಳು ತುಂಬಿ, ಎದುರು ಕೂತು ಆಡಬೇಕು. ಕೈ ಬರಿದಾದ ಗುಳಿಯಲ್ಲಿ ಓಟ ನಿಲ್ಲಿಸಿ ನೋಡಬೇಕು, ಬರಿಗುಳಿಯನ್ನು ದಾಟಿ ಹೋಗಿ ನೋಡಬೇಕು, ಕಟ್ಟೆಯಲ್ಲಿರುವ ಕಾಯನ್ನು ಹೊಡೆಯಲು ಕೈಯೆತ್ತಬೇಕು. ನಮ್ಮಲ್ಲಿ ಹಾಗಲ್ಲ ಎಂದು ಅವರು ತಡೆದ ಪ್ರತಿಯೊಂದು ಕಡೆಯೂ ಒಂದೊಂದು ಕಟ್ಟಳೆ ಹೊರಬರುತ್ತದೆ, ಅದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಊರಿನ ಹೆಸರು, ಕಲಿಸಿದವರು ತವರಿನವರೋ ಗಂಡನ ಮನೆಯವರೋ, ಯಾವ ತಿಂಗಳಲ್ಲಿ ಆಡುತ್ತಿದ್ದರು, ಸೋತವರು ಏನು ಕೊಡಬೇಕಿತ್ತು ಎಂಬುದನ್ನೂ ಜೊತೆಗೆ ಸೇರಿಸಬೇಕು. ತವರಿನ ಕಟ್ಟಳೆ ಮತ್ತು ಗಂಡನ ಮನೆಯ ಕಟ್ಟಳೆ ಬೇರೆಯಾಗಿದ್ದಾಗ ಯಾವುದನ್ನು ಮಕ್ಕಳಿಗೆ ಕಲಿಸಿದಿರಿ ಎಂಬುದೂ ಕೇಳಬೇಕಾದ ಪ್ರಶ್ನೆ; ಒಂದು ಆಟ ಒಂದು ಸೀಮೆಯಿಂದ ಇನ್ನೊಂದಕ್ಕೆ ಹೋದ ದಾರಿಯ ಸುಳಿವು ಬಹುಮಟ್ಟಿಗೆ ಆ ಉತ್ತರದಲ್ಲಿಯೇ ಸಿಗುತ್ತದೆ.